ನಾನು ಎಣಿಸಿದ ಖಾಲಿ ಸ್ಟ್ರಿಪ್‌ಗಳು

ನನ್ನ ನಾಲಿಗೆ ಸ್ವಲ್ಪ ಉದ್ದ. ಇದನ್ನು ನನ್ನ ಗಂಡ ಹೇಳುತ್ತಾರೆ, ಅತ್ತೆ ಹೇಳುತ್ತಿದ್ದರು, ನಮ್ಮ ಆರೋಗ್ಯ ಕೇಂದ್ರದ ಡಾಕ್ಟರು ಒಮ್ಮೆ ಎಲ್ಲರೆದುರೇ ಹೇಳಿದ್ದಾರೆ. ಊರಿನ ಆಶಾ ಕಾರ್ಯಕರ್ತೆಗೆ ಅದು ಇರಬೇಕಾದದ್ದೇ ಎಂದು ನಾನು ವಾದಿಸುತ್ತ ಬಂದಿದ್ದೇನೆ. ಜೋರು ಬಾಯಿ ಇಲ್ಲದಿದ್ದರೆ ಯಾವ ಬಸುರಿ ತಿಂಗಳು ತಿಂಗಳು ತಪಾಸಣೆಗೆ ಬರುತ್ತಾಳೆ, ಯಾವ ಗಂಡಸು ಅಂಗಳದ ಹಳೆ ಟಯರಿನಲ್ಲಿ ನಿಂತ ನೀರು ಚೆಲ್ಲುತ್ತಾನೆ? ಹೀಗೆ ಊರಿಗೆಲ್ಲ ಗದರುತ್ತ ತಿರುಗುವ ನಾನು, ಮಾತಾಡಲೇಬೇಕಾಗಿದ್ದ ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅದನ್ನು ಬರೆಯಬೇಕೆಂದು ಕೂತಾಗಲೆಲ್ಲ ಬೇರೇನೋ ಕೆಲಸ ನೆನಪಾಗಿ ಎದ್ದು ಹೋಗುತ್ತಿದ್ದೆ. ಇವತ್ತು ಏಳುವುದಿಲ್ಲ.

ನಮ್ಮದು ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಸಿದ್ಧಕಟ್ಟೆ ದಾಟಿ ಒಳಗೆ ಹೋದರೆ ಗುಡ್ಡದ ಬದಿಗೆ ಸಿಗುವ ಮನೆಗಳು. ಬೀಡಿ ಕಟ್ಟದ ಹೆಂಗಸು ಇಲ್ಲಿ ಅಪರೂಪ. ನಾನೂ ಕಟ್ಟುತ್ತೇನೆ. ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ನಾವು ಐದು ಮಂದಿ ತಂತಮ್ಮ ತಡ್ಪೆ ಹಿಡಿದುಕೊಂಡು ಪಕ್ಕದ ಮನೆಯ ಜಗಲಿಗೆ ಸೇರುತ್ತಿದ್ದೆವು. ತಡ್ಪೆ ಎಂದರೆ ಅಕ್ಕಿ ಕೇರುವ ಗೆರಸೆ. ಅಕ್ಕಿ ಕೇರುವ ಕೆಲಸ ಮಿಲ್ಲಿಗೆ ಹೋದ ಮೇಲೆ ಅದು ಹೊಗೆಸೊಪ್ಪಿನ ಪುಡಿ ಹರಡಿಕೊಳ್ಳುವುದಕ್ಕೆ ನಮ್ಮ ಮಡಿಲಿಗೆ ಬಂದಿತ್ತು. ಪುಡಿ ಹಾರುತ್ತದೆಂದು ಫ್ಯಾನ್ ಹಾಕುವಂತಿಲ್ಲ. ಮಳೆಗಾಲದಲ್ಲಿ ಎಲೆಗೆ ಥಂಡಿ ಹಿಡಿಯುತ್ತದೆಂದು ಜಗಲಿಯ ಮೂರು ಕಡೆಗೂ ಟರ್ಪಾಲು ಇಳಿಬಿಡುತ್ತಿದ್ದೆವು. ಇದ್ದ ಒಂದು ಬಲ್ಬಿನ ಕೆಳಗೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತು ಎಲೆ ಕತ್ತರಿಸುತ್ತ, ಸುರುಟುತ್ತ, ನೂಲು ಸುತ್ತುತ್ತ, ಊರಿನವರ ಮನೆವಾರ್ತೆಯನ್ನೆಲ್ಲ ಅಲ್ಲಿಯೇ ಮುಗಿಸುತ್ತಿದ್ದೆವು. ಎಲ್ಲರೂ ಕೆಮ್ಮುತ್ತಿದ್ದೆವು. ಪುಡಿಯ ಕೆಮ್ಮು ಅದು, ಬೀಡಿ ಕಟ್ಟುವವರಿಗೆ ಇರುವಂಥದ್ದೇ ಎಂದು ಯಾರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ.

ಆ ಜಗಲಿ ಇದ್ದದ್ದು ನಾನು ಅಕ್ಕ ಎಂದು ಕರೆಯುತ್ತಿದ್ದವರ ಮನೆಯಲ್ಲಿ. ಒಡಹುಟ್ಟಿದವರಲ್ಲ, ಬೇಲಿಯಾಚೆಯ ನೆರೆಯವರು. ನಾನು ಮದುವೆಯಾಗಿ ಈ ಊರಿಗೆ ಬಂದಾಗ ನನಗೆ ಬೀಡಿಯ ಬಾಯಿ ಮಡಚುವುದನ್ನು ಹೇಳಿಕೊಟ್ಟವರು ಅವರೇ. ಅಕ್ಕನ ಗಂಡ ಮುಂಬಯಿಯ ಹೋಟೆಲೊಂದರಲ್ಲಿ ಅಡುಗೆಗೆ ಇದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಒಬ್ಬಳೇ ಮಗಳು, ಪದವಿ ಮುಗಿಸಿ ಮಿಜಾರಿನ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕೆ ಹೋಗಿ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಿದ್ದಳು. ಅವಳು ನನ್ನನ್ನು ಚಿಕ್ಕಮ್ಮ ಎನ್ನುತ್ತಿದ್ದಳು.

ಅಕ್ಕನ ಕೆಮ್ಮು ಬೇರೆ ಎಂದು ನನಗೆ ಗೊತ್ತಾದದ್ದು ಅವರ ರವಿಕೆಯಿಂದ. ತೋಳಿನಲ್ಲಿ ಎರಡು ಬೆರಳು ತೂರುವಷ್ಟು ಸಡಿಲವಾಗಿತ್ತು. ಸಂಜೆ ಹೊತ್ತಿಗೆ ಮೈ ಬಿಸಿ. ನಾನು ಹಿಂದೆ ಬಿದ್ದೆ. ಕಫ ಪರೀಕ್ಷೆ ಮಾಡಿಸುವ ಎಂದು ದಿನಾ ಪೀಡಿಸಿದೆ. ಆರೋಗ್ಯ ಕೇಂದ್ರಕ್ಕೆ ಮಾತ್ರ ಕಾಲಿಡುವುದಿಲ್ಲ ಎಂದು ಅವರು ಹಟ ಹಿಡಿದರು. ಕೊನೆಗೆ ಕಫದ ಡಬ್ಬಿಯನ್ನು ನಾನೇ ಮನೆಗೆ ಒಯ್ದು, ತುಂಬಿಸಿಕೊಂಡು, ಬುತ್ತಿಯ ಚೀಲದಲ್ಲಿಟ್ಟು ತಲುಪಿಸಿದೆ. ಮೂರನೇ ದಿನ ನನ್ನ ಫೋನಿಗೆ ಸುದ್ದಿ ಬಂತು. ಟಿಬಿ.

ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇದ್ದರು. ಹೇಳಿದೆ. ಅವರು ಸೋಪು ಹಚ್ಚುವುದನ್ನು ನಿಲ್ಲಿಸಲಿಲ್ಲ.

"ಮಗಳ ಮಾತುಕತೆ ನಡೀತಾ ಉಂಟು," ಎಂದರು.

"ಆರು ತಿಂಗಳ ಮಾತ್ರೆ ಅಕ್ಕ. ಗುಣ ಆಗ್ತದೆ. ಮೊದಲಿನ ಕಾಲದ ಹಾಗೆ ಅಲ್ಲ."

"ಗುಣ ಆಗುದು ನನಗೆ ಮಾರಾಯ್ತಿ. ಹೆಸರು ಹೋಗುದು ಅವಳದ್ದು."

ಹುಡುಗ ದುಬಾಯಿಯಲ್ಲಿ ಕೆಲಸಕ್ಕಿದ್ದವನು, ಬೆಳ್ತಂಗಡಿಯ ಕಡೆಯ ಒಳ್ಳೆಯ ಮನೆತನ. ಜಾತಕ ಕೂಡಿತ್ತು. ಮದುವೆಯಾದ ಮೇಲೆ ಅವಳನ್ನೂ ಕರೆದುಕೊಂಡು ಹೋಗುವವನಿದ್ದ. ಇಲ್ಲಿ ಗಲ್ಫಿಗೆ ಹೋಗುವವರೆಲ್ಲ 'ಮೆಡಿಕಲ್' ಎಂಬ ಒಂದು ಗಂಡಾಂತರ ದಾಟಬೇಕು. ಎದೆಯ ಎಕ್ಸ್‌ರೇಯಲ್ಲಿ ಒಂದು ಕಲೆ ಕಂಡರೆ, ಎಂದೋ ಗುಣವಾದ ಹಳೆಯ ಕಲೆಯಾದರೂ ಸರಿ, ಅನ್‌ಫಿಟ್ ಎಂದು ಬರೆದು ಕಳಿಸುತ್ತಾರೆ. ಅನ್‌ಫಿಟ್ ಆಗಿ ಬಂದ ಗಂಡಸರನ್ನು ಊರು ಹೇಗೆ ನೋಡುತ್ತದೆಂದು ಅಕ್ಕ ನೋಡಿದ್ದರು. ಅದಕ್ಕಿಂತ ಹೆಚ್ಚಾಗಿ, ಕೊರೊನಾ ಕಾಲದಲ್ಲಿ ಕೆಳಗಿನ ಮನೆಗೆ ಏನಾಯಿತೆಂದು ನೋಡಿದ್ದರು.

ಕೆಳಗಿನ ಮನೆ ಬ್ಯಾರಿಗಳದ್ದು, ನಮ್ಮ ಕರಾವಳಿಯ ಮುಸ್ಲಿಮರದ್ದು. ಆ ಮನೆಯ ಹೆಂಗಸೂ ನಮ್ಮ ಜಗಲಿಯ ಐವರಲ್ಲಿ ಒಬ್ಬರು. ಅವರ ಗಂಡ ಸೌದಿಯಿಂದ ಬಂದವರೆಂದು ಆ ಮನೆಯ ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿದ್ದು ನಾನು. ಮೇಲಿನಿಂದ ಆದೇಶ ಬಂದಿತ್ತು, ಗೋಂದು ಹಚ್ಚಿ ಅಂಟಿಸಿ ಫೋಟೋ ತೆಗೆದು ಕಳಿಸಿದೆ. ಅವರಿಗೆ ಕಾಯಿಲೆ ಇಲ್ಲವೆಂದು ಆಮೇಲೆ ಗೊತ್ತಾಯಿತು. ಆದರೆ ಮೀನಿನವನು ಎಷ್ಟೋ ತಿಂಗಳು ಅವರ ಗೇಟಿನೆದುರು ಹಾರ್ನ್ ಹಾಕಲಿಲ್ಲ, ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಅವರು ಕಟ್ಟಿದ ಬೀಡಿಯನ್ನು ಮುಟ್ಟಲಿಲ್ಲ. ಚೀಟಿ ಕಿತ್ತ ಜಾಗದ ಬಿಳಿ ಕಲೆ ಈಗಲೂ ಆ ಬಾಗಿಲ ಮೇಲಿದೆ.

"ಆ ಚೀಟಿ ಅಂಟಿಸಿದ ಕೈ ನಿನ್ನದೇ ಅಲ್ವಾ?" ಎಂದು ಅಕ್ಕ ಒಗೆಯುವ ಕಲ್ಲಿನ ಬಳಿ ಕೇಳಿದರು. ಅಲ್ಲಿಂದ ಮುಂದೆ ಅವರು ಹೇಳಿದ್ದಕ್ಕೆಲ್ಲ ಹೂಂಗುಟ್ಟಿದೆ. ಇದು ನನ್ನ ಮೊದಲ ತಪ್ಪು.

ಅವರ ಷರತ್ತುಗಳು ಇಷ್ಟು. ನಾನು ಗುಲಾಬಿ ಸೀರೆಯಲ್ಲಿ ಅವರ ಮನೆಗೆ ಹೋಗಬಾರದು. ಆಶಾ ಕಾರ್ಯಕರ್ತೆಯ ಆ ಸೀರೆ ಬಸುರಿ ಬಾಣಂತಿ ಇಲ್ಲದ ಮನೆಗೆ ಎರಡು ಸಲ ಹೊಕ್ಕರೆ ಸಾಕು, ಊರು ಲೆಕ್ಕ ಹಾಕಿ ಮುಗಿಸುತ್ತದೆ. ಮಾತ್ರೆಯನ್ನು ಕವರಿನಲ್ಲಿ ತರಬಾರದು. ಬೀಡಿ ಎಲೆಯ ಕಟ್ಟಿನ ನಡುವೆ ಇಟ್ಟು, ಎಲೆ ಸಾಲ ಕೊಡುವವಳ ಹಾಗೆ ಕೊಡಬೇಕು. ಮಾತ್ರೆ ಮುಗಿದ ಖಾಲಿ ಸ್ಟ್ರಿಪ್ ಅದೇ ರೀತಿ ಎಲೆಯೊಳಗೆ ನನಗೆ ವಾಪಸು ಬರುತ್ತದೆ. ಕೊನೆಯದ್ದು, ಮಗಳನ್ನು ಪರೀಕ್ಷೆಗೆ ಕರೆಯಕೂಡದು.

ಈ ಕೊನೆಯದ್ದಕ್ಕೆ ನಾನು ಸುಮ್ಮನೆ ಒಪ್ಪಲಿಲ್ಲ ಎಂದು ಹೇಳಿಕೊಂಡರೆ ಮನಸ್ಸಿಗೆ ಸ್ವಲ್ಪ ಹಗುರ. ಒಂದೇ ಕೋಣೆಯಲ್ಲಿ ಮಲಗುವ ತಾಯಿ ಮಗಳು. ಮಗಳ ಎದೆ ನೋಡಲೇಬೇಕು, ಅದು ನಿಯಮ, ನಿಯಮಕ್ಕಿಂತ ಹೆಚ್ಚಾಗಿ ಅದು ಬುದ್ಧಿ. "ಎಕ್ಸ್‌ರೇಗೆ ಬಂಟ್ವಾಳಕ್ಕೆ ಹೋದ್ರೆ ಅಲ್ಲಿ ಸಾಲಿನಲ್ಲಿ ನಮ್ಮೂರಿನವರು ಇಬ್ಬರಾದ್ರೂ ಇರ್ತಾರೆ. ಮದುವೆ ಒಂದು ಆಗ್ಲಿ, ಆಮೇಲೆ ನಾನೇ ಕರ್ಕೊಂಡು ಬರ್ತೇನೆ," ಎಂದು ಅಕ್ಕ ಕೈ ಹಿಡಿದುಕೊಂಡರು. ಅಕ್ಕನ ಟಿಬಿ ಕಾರ್ಡಿನಲ್ಲಿ, ಮನೆಯಲ್ಲಿರುವವರು ಯಾರು ಯಾರು ಎಂಬ ಕಾಲಮಿನಲ್ಲಿ ನಾನು ಬರೆದೆ: ಗಂಡ, ಊರಿನಲ್ಲಿಲ್ಲ. ಮಗಳು, ಮಿಜಾರಿನ ಹಾಸ್ಟೆಲಿನಲ್ಲಿ ವಾಸ. ದಿನಾ ಸಂಜೆ ನನ್ನ ಅಂಗಳ ದಾಟಿ ಮನೆಗೆ ಬರುತ್ತಿದ್ದ ಹುಡುಗಿಯನ್ನು ನಾನು ಒಂದು ಗೆರೆಯಲ್ಲಿ ಮನೆಯಿಂದ ಹೊರಗೆ ಹಾಕಿದೆ.

ಮಾತ್ರೆ ನುಂಗುವುದನ್ನು ಕಣ್ಣಾರೆ ನೋಡಬೇಕು ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾಲ್ಕು ಜನರ ನಡುವೆ ಕದ್ದುಮುಚ್ಚಿ ಕೊಟ್ಟ ಮಾತ್ರೆಯನ್ನು ನುಂಗುವುದು ನೋಡುವುದೆಲ್ಲಿಂದ ಬಂತು? ಆದ್ದರಿಂದ ನಾನು ಖಾಲಿ ಸ್ಟ್ರಿಪ್ ಎಣಿಸುತ್ತಿದ್ದೆ. ಪ್ರತಿ ವಾರ ಎಲೆಯ ಕಟ್ಟಿನೊಳಗೆ ಅವು ತಪ್ಪದೆ ಬರುತ್ತಿದ್ದವು, ಒಂದು ಮಾತ್ರೆಯೂ ಉಳಿದಿರುತ್ತಿರಲಿಲ್ಲ. ನನ್ನ ವಾರ್ಡಿನಲ್ಲಿ ಕುಡಿದು ಮಾತ್ರೆ ಮರೆಯುವ ಗಂಡಸೊಬ್ಬ ಇದ್ದ, ಹೊಟ್ಟೆ ಉರಿ ಎಂದು ನಿಲ್ಲಿಸಿದ ಅಜ್ಜ ಇದ್ದರು. ಅವರನ್ನೆಲ್ಲ ಬೈಯುವಾಗ ನಾನು ಮನಸ್ಸಿನಲ್ಲಿ ಅಕ್ಕನನ್ನು ನೆನೆದು ಬೀಗುತ್ತಿದ್ದೆ.

ಹುಡುಗನ ದೊಡ್ಡಮ್ಮ ವಿಚಾರಿಸಲು ಬಂದದ್ದು ನನ್ನ ಮನೆಗೇ. ನಮ್ಮ ಕಡೆ ಸಂಬಂಧ ಗಟ್ಟಿಯಾಗುವ ಮೊದಲು ಹೀಗೆ ಯಾರೋ ಒಬ್ಬರು ನೆರೆಮನೆಗೆ ಬಂದು, ಬಾಯಾರಿಕೆ ಎಂದು ನೀರು ಬೆಲ್ಲ ತೆಗೆದುಕೊಂಡು, ಮೆಲ್ಲಗೆ ಮಾತು ತೆಗೆಯುತ್ತಾರೆ. ಅದರಲ್ಲೂ ಆಶಾ ಕಾರ್ಯಕರ್ತೆಯ ಮನೆ ಎಂದರೆ ಕೇಳಬೇಕೇ?

"ಹುಡುಗಿ ಒಳ್ಳೆಯವಳು ಅಂತ ಎಲ್ಲ ಹೇಳ್ತಾರೆ," ಎಂದರು ಆ ದೊಡ್ಡಮ್ಮ, "ಮನೆಯಲ್ಲಿ ಕಾಯಿಲೆ ಕಸಾಲೆ ಎಂಥದಾದ್ರೂ ಉಂಟಾ? ನಿಮಗೆ ಗೊತ್ತಿರ್ತದಲ್ಲ."

"ಆ ಮನೆಯವರಿಗೆ ಶೀತ ಆದದ್ದನ್ನೂ ನಾನು ನೋಡ್ಲಿಲ್ಲ," ಎಂದೆ.

ಎಷ್ಟು ಚಂದ ಹೇಳಿದೆ! ಕಣ್ಣು ಕೂಡ ಮಿಟುಕಿಸಲಿಲ್ಲ. ಅವರು ಹೋದ ಮೇಲೆ ಬೇಲಿಯ ಹತ್ತಿರ ನಿಂತು ಅಕ್ಕನಿಗೆ ಅಭಿನಯ ಮಾಡಿ ತೋರಿಸಿದೆ. ಇಬ್ಬರೂ ನಕ್ಕೆವು. ಅಕ್ಕ ನಗುತ್ತ ನಗುತ್ತ ಕೆಮ್ಮಿ, ಸೆರಗಿನಿಂದ ಬಾಯಿ ಒತ್ತಿಕೊಂಡು, ನೀನು ನನ್ನ ಒಡಹುಟ್ಟು ಮಾರಾಯ್ತಿ ಎನ್ನುವ ಹಾಗೆ ನನ್ನ ಕೆನ್ನೆ ಮುಟ್ಟಿದರು. ಒಳ್ಳೆಯ ಕೆಲಸ ಮಾಡಿದೆನೆಂದೇ ನನಗೆ ಅನಿಸಿತ್ತು. ಈಗ ಆ ನಗು ನೆನಪಾದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಎರಡು ತಿಂಗಳಾಗುವ ಹೊತ್ತಿಗೆ ಕಫದಲ್ಲಿ ರೋಗಾಣು ಇಲ್ಲವೆಂದು ಬಂತು. ಅಕ್ಕನ ಮೈ ತುಂಬಿತು. ಬೆಳ್ತಂಗಡಿಯ ಸಭಾಭವನದಲ್ಲಿ ಮದುವೆ ಚಂದಕ್ಕೆ ಆಯಿತು. ಆ ದಿನದ ಮಾತ್ರೆಯನ್ನು ನಾನು ಪರ್ಸಿನಲ್ಲಿ ಇಟ್ಟುಕೊಂಡು ಹೋಗಿ, ಮದುಮಗಳ ಕೋಣೆಯಲ್ಲಿ, ಕನ್ನಡಿಯ ಎದುರು ಹೂ ಮುಡಿಸುವವರ ಗಲಾಟೆಯ ನಡುವೆ ಅಕ್ಕನ ಕೈಗಿಟ್ಟೆ. ಅವರು ಜ್ಯೂಸಿನ ಲೋಟ ಎತ್ತಿ ನುಂಗಿದರು. ನನ್ನ ಕಣ್ಣೆದುರು ಅವರು ನುಂಗಿದ ಕೊನೆಯ ಮಾತ್ರೆ ಬಹುಶಃ ಅದೇ.

ಹುಡುಗ ರಜೆ ಮುಗಿಸಿ ದುಬಾಯಿಗೆ ಹೋದ. ಮಗಳು ಗಂಡನ ಮನೆಯಲ್ಲಿ ಉಳಿದಳು, ವೀಸಾ ಆಗುವವರೆಗೆ. ಅಕ್ಕನಿಗೆ ಆಗ ಒಂದು ಹೊಸ ಅಭ್ಯಾಸ ಶುರುವಾಯಿತು. ಪ್ರತಿ ಶನಿವಾರ ಬೆಳಿಗ್ಗೆ ಡಬ್ಬಿಯಲ್ಲಿ ಬಂಗುಡೆ ಸಾರೋ ಕೋಳಿ ಸುಕ್ಕವೋ ತುಂಬಿಸಿಕೊಂಡು ಬೆಳ್ತಂಗಡಿಗೆ ಬಸ್ಸು ಹತ್ತುವುದು, ಸಂಜೆಗೆ ಬರುವುದು. ನಾವು ಜಗಲಿಯವರು ಬಿಡುತ್ತೇವೆಯೇ? "ಗಂಡ ದುಬಾಯಿಯಲ್ಲಿ, ಇವಳಿಗೆ ಇಲ್ಲಿ ಯಾವ ಬಯಕೆ ಅಕ್ಕ?" ಎಂದು ಕೀಟಲೆ ಮಾಡುತ್ತಿದ್ದೆವು. "ಒಬ್ಬಳೇ ಮಗಳಲ್ವಾ, ಹೊಟ್ಟೆ ಕೇಳ್ಬೇಕಲ್ಲ," ಎಂದು ಅಕ್ಕ ಎಲೆ ಕತ್ತರಿಸುವುದರಲ್ಲಿ ಮುಖ ತಗ್ಗಿಸುತ್ತಿದ್ದರು. ಮದುವೆಯಾದ ಮೇಲೆ ಮಗಳನ್ನು ಪರೀಕ್ಷೆಗೆ ಕರೆತರುತ್ತೇನೆ ಎಂದಿದ್ದ ಮಾತನ್ನು ನಾನು ಒಂದೆರಡು ಸಲ ನೆನಪಿಸಿದೆ. ಹೊಸ ಮದುಮಗಳು, ಈಗಲೇ ಬೇಡ ಎಂದರು. ಅಲ್ಲಿಗೆ ನಾನೂ ಬಿಟ್ಟೆ.

ಆರು ತಿಂಗಳು ಮುಗಿಯಿತು. ಕಡೆಯ ಪರೀಕ್ಷೆಗೆ ಅಕ್ಕ ಕೊಟ್ಟದ್ದರಲ್ಲಿ ಕಫಕ್ಕಿಂತ ಉಗುಳೇ ಹೆಚ್ಚಿತ್ತು. ಬರುವುದಿಲ್ಲ ಮಾರಾಯ್ತಿ, ಕೆಮ್ಮೇ ಇಲ್ಲ ಎಂದರು. ಅದರಲ್ಲಿ ಏನೂ ಸಿಗಲಿಲ್ಲ. ತಿಂಗಳ ಸಭೆಯಲ್ಲಿ ಡಾಕ್ಟರು ನನ್ನ ಹೆಸರು ಹೇಳಿ, ಒಂದು ದಿನವೂ ತಪ್ಪಿಸದೆ ಮಾತ್ರೆ ಮುಗಿಸಿದ ರೋಗಿ ಎಂದರೆ ಇವರದ್ದು ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ನಾನು ಸೆರಗು ಸರಿಮಾಡಿಕೊಂಡು ಎದ್ದು ನಿಂತೆ.

ಮಳೆಗಾಲ ಶುರುವಾಗಿ ಟರ್ಪಾಲು ಇಳಿದ ಮೇಲೆ ಅಕ್ಕ ಮತ್ತೆ ಕೆಮ್ಮತೊಡಗಿದರು. ಈ ಸಲ ನನ್ನಿಂದಲೂ ಮುಚ್ಚಿಟ್ಟರು. ನಾನು ಜಗಲಿಗೆ ಬರುವ ಹೊತ್ತಿಗೆ ಒಳಗೆ ಹೋಗುವುದು, ತಲೆನೋವು ಎನ್ನುವುದು. ಒಂದು ಮಧ್ಯಾಹ್ನ ಎಲ್ಲರೂ ಕೂತಿದ್ದಾಗ ಅವರಿಗೆ ತಡೆಯಲಾಗಲಿಲ್ಲ. ತಡ್ಪೆಯ ಮೇಲೆ ಬಗ್ಗಿ ಕೆಮ್ಮಿದರು. ಕತ್ತರಿಸಿಟ್ಟ ಎಲೆಗಳ ಮೇಲೆ ರಕ್ತ ಬಿತ್ತು. ಕೆಳಗಿನ ಮನೆಯವರು ಮೊದಲು ಎದ್ದು ಅವರ ಬೆನ್ನು ಹಿಡಿದರು, ತಮ್ಮ ತಲೆಯ ಬಟ್ಟೆಯಿಂದಲೇ ಬಾಯಿ ಒರೆಸಿದರು. ಹೊಟ್ಟೆಯ ಹುಣ್ಣು ಇರಬೇಕು ಎಂದು ನಾನು ಹೇಳಿದೆ. ಸುಳ್ಳು ಆಗ ಅಷ್ಟು ಸಲೀಸಾಗಿ ಬರುತ್ತಿತ್ತು.

ರಿಕ್ಷಾದಲ್ಲಿ ಬಂಟ್ವಾಳಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮಂಗಳೂರಿನ ದೊಡ್ಡಾಸ್ಪತ್ರೆಗೆ. ಅಲ್ಲಿ ಹೊಸ ಯಂತ್ರದಲ್ಲಿ ಕಫ ನೋಡಿದರು. ಕೊಟ್ಟ ಮಾತ್ರೆಗೆ ಈ ರೋಗಾಣು ಬಗ್ಗುವುದಿಲ್ಲ, ಅರ್ಧಂಬರ್ಧ ಔಷಧಿ ತಿಂದವರಿಗೆ ಹೀಗಾಗುತ್ತದೆ ಎಂದು ಅಲ್ಲಿಯ ಕಿರಿಯ ಲೇಡಿ ಡಾಕ್ಟರು ಹೇಳಿದರು. ನನಗೆ ಸಿಟ್ಟು ಬಂತು. ಒಂದು ದಿನವೂ ತಪ್ಪಿಸಿಲ್ಲ, ಎಲ್ಲ ಸ್ಟ್ರಿಪ್ ನಾನೇ ಎಣಿಸಿದ್ದೇನೆ ಎಂದು ಆ ಹುಡುಗಿಯೊಡನೆ ಜಗಳಕ್ಕೆ ನಿಂತೆ. ಅವಳು ಸಮಾಧಾನದಿಂದ, "ನೀವು ನುಂಗುದನ್ನು ನೋಡಿದ್ದೀರಾ?" ಎಂದು ಕೇಳಿದಳು.

ಅದೇ ಹೊತ್ತಿಗೆ ಬೆಳ್ತಂಗಡಿಯಿಂದ ಮಗಳು ಬಂದಳು. ಕಾರಿಡಾರಿನ ಬೆಂಚಿನಲ್ಲಿ ನನ್ನ ಪಕ್ಕ ಕೂತು ಮಾಸ್ಕಿನೊಳಗೆ ಕೆಮ್ಮಿದಳು. ಒಂದು ಸಲ. ಮತ್ತೆ ಇನ್ನೊಂದು ಸಲ. ಅಷ್ಟು ವರ್ಷ ಕೆಮ್ಮು ಕೇಳಿದ ಕಿವಿ ನನ್ನದು. ಅವಳ ರಟ್ಟೆ ಹಿಡಿದು ನೋಡಿದೆ. ಬಳೆ ಮೊಣಕೈವರೆಗೆ ಸರಿಯುತ್ತಿತ್ತು.

"ಎಷ್ಟು ಸಮಯದಿಂದ ಇದು?"

ಅವಳು ಅಳಲಿಲ್ಲ. ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. ಮದುವೆಯಾದ ಮೇಲೆ ಕೆಮ್ಮು ಶುರುವಾಯಿತು. ಅಮ್ಮನಿಗೆ ಫೋನಿನಲ್ಲಿ ಕೇಳಿಸಿಯೇ ಗೊತ್ತಾಯಿತು. ಅಲ್ಲಿ ಆಸ್ಪತ್ರೆಗೆ ಹೋದರೆ ಅತ್ತೆಗೆ ತಿಳಿಯುತ್ತದೆ, ಇಲ್ಲಿಗೆ ಬಂದರೆ ಊರಿಗೆ. ಅಷ್ಟರಲ್ಲಿ ವೀಸಾದ ಮೆಡಿಕಲ್ ಬೇರೆ ಎದುರಿಗಿತ್ತು. ಅದಕ್ಕೆ ಮೊದಲು ಎದೆ ಸ್ವಚ್ಛವಾಗಬೇಕು. "ನನಗೆ ಗುಣ ಆಯ್ತು ಮಗಾ, ಚಿಕ್ಕಮ್ಮ ಕಫ ನೋಡಿಸಿದ್ದಾಳೆ, ಏನೂ ಇಲ್ಲವಂತೆ. ಇನ್ನು ಉಳಿದ ಮಾತ್ರೆ ನನಗೆ ಯಾಕೆ?" ಎಂದು ಅಮ್ಮ ಅವನ್ನು ಶನಿವಾರದ ಡಬ್ಬಿಯ ಅಡಿಯಲ್ಲಿ ತಂದುಕೊಟ್ಟರು. ಖಾಲಿ ಸ್ಟ್ರಿಪ್ಪನ್ನು ಮುಂದಿನ ಶನಿವಾರ ವಾಪಸು ಒಯ್ಯುತ್ತಿದ್ದರು, ಚಿಕ್ಕಮ್ಮನಿಗೆ ಕೊಡಲಿಕ್ಕುಂಟು ಎಂದು. ಈ ಮಾತ್ರೆಗೆ ಮೂತ್ರ ಕೆಂಪಾಗುತ್ತದೆ, ಅತ್ತೆ ನೋಡಬಾರದು, ಪ್ರತಿ ಸಲ ಎರಡು ಬಾಲ್ದಿ ನೀರು ಹೊಯ್ಯಿ ಎಂದೂ ಹೇಳಿಕೊಟ್ಟಿದ್ದರು. ಕೆಲವು ವಾರ ಅಮ್ಮನಿಗೇ ಜ್ವರ ಬಂದಾಗ ಇಬ್ಬರೂ ಹಂಚಿಕೊಂಡು ತಿಂದರು. ಮಾತ್ರೆ ಮುಗಿಯುವವರೆಗೂ ಹೀಗೆ ನಡೆಯಿತು. ಮೆಡಿಕಲ್‌ನಲ್ಲಿ ಅನ್‌ಫಿಟ್ ಆಯಿತು. ಅತ್ತೆಯ ಹತ್ತಿರ, ಗಂಡನ ಹತ್ತಿರ, ಕಾಗದಪತ್ರದಲ್ಲಿ ಏನೋ ತೊಂದರೆ ಎಂದು ಹೇಳಿದ್ದಾಳೆ.

ಅಕ್ಕನಿಗೆ ಬೇಕಾದ ಔಷಧಿ, ಮಗಳಿಗೆ ಬೇಕಾದ ಔಷಧಿ, ಎರಡೂ ಸರಕಾರದ ಕಪಾಟಿನಲ್ಲಿ ಬಿಟ್ಟಿಯಾಗಿ ಇತ್ತು. ಇಬ್ಬರಿಗೆ ಸಾಕಾಗುವಷ್ಟಲ್ಲ, ಇಡೀ ತಾಲೂಕಿಗೆ ಸಾಕಾಗುವಷ್ಟು ಇತ್ತು. ಕೇಳಿದರೆ ಕೊಡುತ್ತಿದ್ದರು. ಕೇಳುವುದಕ್ಕೆ ಒಂದು ಬಾಗಿಲು ದಾಟಬೇಕಿತ್ತು, ಅಷ್ಟೇ. ಆ ಬಾಗಿಲು ದಾಟುವುದಕ್ಕಿಂತ ತಾಯಿಗೆ ತನ್ನ ಬಾಯಿಯ ಮಾತ್ರೆ ತೆಗೆದು ಮಗಳಿಗೆ ಕೊಡುವುದು ಸುಲಭವಾಗಿ ಕಂಡಿತ್ತು.

ನಾನು ವಾರ್ಡಿನೊಳಗೆ ಹೋಗಿ, ಮೂಗಿಗೆ ಆಕ್ಸಿಜನ್ ಹಾಕಿಕೊಂಡು ಮಲಗಿದ್ದ ಹೆಂಗಸಿನ ಮೇಲೆ ಕೂಗಾಡಿದೆ. ಹೌದು, ಕೂಗಾಡಿದೆ. ನನ್ನನ್ನು ಮಂಗ ಮಾಡಿದಿರಿ, ಮಗಳನ್ನು ಕೊಂದಿರಿ ಎಂದೆ. ಪಕ್ಕದ ಮಂಚದವರು ಎದ್ದು ನೋಡಿದರು. ಅಕ್ಕ ಬಹಳ ಹೊತ್ತು ಉಸಿರು ಕೂಡಿಸಿಕೊಂಡು, "ನನಗೆ ಗುಣ ಆಗಿತ್ತಲ್ಲ ಮಾರಾಯ್ತಿ. ನೀನೇ ಹೇಳಿದ್ದಲ್ವಾ?" ಎಂದರು. ಹೇಳಿದ್ದು ನಿಜ. ಏನೂ ಇಲ್ಲ ಎಂದು ಬಂದ ಆ ದಿನ ಖುಷಿಯಲ್ಲಿ ಬೇಲಿ ಹಾರಿ ಹೋಗಿ, ಗುಣ ಆಯ್ತು ಅಕ್ಕ ಎಂದು ಹೇಳಿದವಳು ನಾನೇ. ಉಳಿದ ನಾಲ್ಕು ತಿಂಗಳು ಯಾಕೆ ಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿತ್ತು. ಅಷ್ಟರಲ್ಲಿ ಜಗಲಿಗೆ ಹೆಂಗಸರು ಬಂದರು, ಹೇಳುವಂತಿರಲಿಲ್ಲ.

ಆಮೇಲೆ ಅವರು ಹದಿನೈದು ದಿನ ಇದ್ದರು. ನಾನು ಕ್ಷಮೆ ಕೇಳಿದೆನೋ ಇಲ್ಲವೋ ನೆನಪಿಲ್ಲ. ಕೇಳಿರಲಿಕ್ಕಿಲ್ಲ, ನನ್ನ ಗುಣ ನನಗೆ ಗೊತ್ತು.

ಊರಿಗೆ ಹಾರ್ಟ್ ಎಂದು ಹೇಳಿದೆವು. ಮುಂಬಯಿಯಿಂದ ಬಂದ ಗಂಡನೂ ಹಾಗೆಯೇ ಹೇಳಿದರು. ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಬೆಳ್ತಂಗಡಿಯ ನೆಂಟರೆಲ್ಲ ಬಂದು, ಪಾಪ, ಎಷ್ಟು ಗಟ್ಟಿಮುಟ್ಟು ಇದ್ದರು ಎಂದು ಉಂಡು ಹೋದರು. ಮರುದಿನವೇ ಉಳಿದ ಮೂವರು ಹೆಂಗಸರು ತಡ್ಪೆ ಹಿಡಿದುಕೊಂಡು ಕೆಳಗಿನ ಮನೆಯ ಜಗಲಿಗೆ ಸೇರಿದರು. ಟರ್ಪಾಲು ಇಳಿದಿತ್ತು. ಒಳಗಿನಿಂದ ಯಾರೋ ಕೆಮ್ಮುವುದು ನನ್ನ ಅಂಗಳಕ್ಕೆ ಕೇಳಿಸಿತು. ಪುಡಿಯ ಕೆಮ್ಮೋ, ಮತ್ತೊಂದೋ?

ನಾನು ಏನು ಯೋಚಿಸುತ್ತಿದ್ದೇನೆಂದು ಮಗಳಿಗೆ ತಿಳಿಯಿತು. ಅವಳಿಗೂ ಅದೇ ಜಾತಿಯ ಟಿಬಿ ಎಂದು ಆಗಲೇ ಖಾತ್ರಿಯಾಗಿತ್ತು, ಮಂಗಳೂರಿನಲ್ಲಿ ಹೊಸ ಮಾತ್ರೆ ಶುರುಮಾಡಿದ್ದರು. ಅಪ್ಪ ಒಬ್ಬರೇ ಇದ್ದಾರೆಂಬ ನೆಪ ಹೇಳಿ ಕೆಲವು ದಿನ ಇಲ್ಲಿಯೇ ಉಳಿದಿದ್ದಳು. ನನ್ನ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತಳು.

"ಚಿಕ್ಕಮ್ಮ, ಹೇಳ್ಬೇಡಿ. ನಾನು ಮಾತ್ರೆ ತಪ್ಪಿಸುದಿಲ್ಲ, ನಿಮ್ಮ ಎದುರೇ ತಿನ್ತೇನೆ. ಅವರನ್ನೆಲ್ಲ ಪರೀಕ್ಷೆಗೆ ಕರ್ಕೊಂಡು ಹೋದ್ರೆ ಯಾಕೆ ಅಂತ ಕೇಳ್ತಾರೆ. ಅಲ್ಲಿಂದ ಬೆಳ್ತಂಗಡಿಗೆ ಎಷ್ಟು ದೂರ? ಅವರು ಒಳ್ಳೆಯವರು. ದಿನಾ ಫೋನು ಮಾಡ್ತಾರೆ. ನನಗೆ ಇನ್ನು ಅವರು ಬಿಟ್ರೆ ಯಾರಿದ್ದಾರೆ?"

ಅವರು ಎಂದರೆ ಗಂಡ. ಒಂದು ತಿಂಗಳು ಒಟ್ಟಿಗೆ ಬದುಕಿದ್ದ ಗಂಡ.

ನಾನು ಅವಳಿಗೆ ಮಾತು ಕೊಡಲಿಲ್ಲ. ಕೊಡುವುದಿಲ್ಲ ಎಂದೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಗುಲಾಬಿ ಸೀರೆ ಉಟ್ಟು ಮೂರು ಮನೆಗೂ ಹೋದೆ. ಅಕ್ಕ ಸತ್ತದ್ದು ಯಾವುದರಿಂದ, ನಾನು ಮುಚ್ಚಿಟ್ಟದ್ದು ಎಷ್ಟು ಸಮಯ, ಎಲ್ಲ ಹೇಳಿದೆ. ಒಬ್ಬರು ಬಾಗಿಲು ಹಾಕಿಕೊಂಡರು. ಇನ್ನೊಬ್ಬರ ಗಂಡ ಅಂಗಳಕ್ಕೆ ಇಳಿದು ಬಾಯಿಗೆ ಬಂದ ಹಾಗೆ ಬೈದರು. ಕೆಳಗಿನ ಮನೆಯವರು ಬೈಯಲಿಲ್ಲ. ಬಾಗಿಲ ದಾರಂದಕ್ಕೆ ಒರಗಿಕೊಂಡು ಪೂರ್ತಿ ಕೇಳಿದರು.

"ಆ ದಿನ ನಮ್ಮ ಮನೆಗೆ ಚೀಟಿ ಅಂಟಿಸ್ಲಿಕ್ಕೆ ನಿಮಗೆ ಒಂದು ಗಂಟೆ ಸಾಕಾಯ್ತು," ಎಂದರು. "ಇದನ್ನು ಹೇಳ್ಲಿಕ್ಕೆ ಒಂದು ವರ್ಷ ಬೇಕಾಯ್ತಾ?"

ಎರಡು ವಾರದಲ್ಲಿ ಮೂವರೂ ಪರೀಕ್ಷೆಗೆ ಬಂದರು, ಬೈದವರೂ ಬಂದರು. ಇಬ್ಬರಿಗೆ ಏನೂ ಇರಲಿಲ್ಲ. ಕೆಳಗಿನ ಮನೆಯವರಿಗೆ ಇತ್ತು, ಆಗಷ್ಟೇ ಶುರು. ಅವರು ಯಾರಿಗೂ ಹೆದರದೆ ಹಗಲಿಗೇ ಆರೋಗ್ಯ ಕೇಂದ್ರಕ್ಕೆ ನಡೆದುಕೊಂಡು ಹೋಗಿ ಮಾತ್ರೆ ತರುತ್ತಾರೆ. ಮೈ ಕೈ ತುಂಬಿಕೊಂಡಿದ್ದಾರೆ, ಬದುಕುತ್ತಾರೆ. ನನ್ನೊಡನೆ ಮಾತಾಡುವುದಿಲ್ಲ. ಅವರ ಸೌದಿಯ ಗಂಡ ಫೋನಿನಲ್ಲಿ ಕೂಗಾಡಿದ್ದು ಇಡೀ ಗುಡ್ಡಕ್ಕೆ ಕೇಳಿಸಿತ್ತು ಎಂದು ಯಾರೋ ಹೇಳಿದರು.

ಬೆಳ್ತಂಗಡಿಗೆ ಸುದ್ದಿ ತಲುಪಲು ಎರಡು ವಾರವೂ ಬೇಕಾಗಲಿಲ್ಲ. ಒಂದು ಬೆಳಿಗ್ಗೆ ಬಿಳಿ ಕಾರೊಂದು ಬಂದು ಅಕ್ಕನ ಮನೆಯ ಗೇಟಿನ ಎದುರು ನಿಂತಿತು. ನನ್ನ ಮನೆಯಲ್ಲಿ ನೀರು ಬೆಲ್ಲ ಕುಡಿದಿದ್ದ ಆ ದೊಡ್ಡಮ್ಮ ಮುಂದಿನ ಸೀಟಿನಲ್ಲಿದ್ದರು, ಇಳಿಯಲಿಲ್ಲ. ಡ್ರೈವರು ಎರಡು ಸೂಟ್‌ಕೇಸು, ಮದುವೆಯಲ್ಲಿ ಬಂದ ಮಿಕ್ಸಿ, ಕುಕ್ಕರು, ಎಲ್ಲ ಇಳಿಸಿ ಗೇಟಿನೊಳಗೆ ಇಟ್ಟ. ನಾನು ಬೇಲಿಯ ಹತ್ತಿರ ನಿಂತಿದ್ದೆ. ಅವರು ನನ್ನನ್ನು ನೋಡಿದರು, ನಾನು ಅವರನ್ನು. ಹುಡುಗನ ಫೋನು ಅದಾದ ಮೇಲೆ ಎರಡು ಸಲ ಬಂತಂತೆ, ಆಮೇಲೆ ನಿಂತಿತು.

ತಂದೆ ಮುಂಬಯಿಗೆ ಮರಳಿದರು, ಅವರಿಗೆ ಬೇರೆ ದಾರಿ ಇರಲಿಲ್ಲ. ಹುಡುಗಿ ಆ ಮನೆಯಲ್ಲಿ ಒಬ್ಬಳೇ. ಮಿಜಾರಿನ ಕೆಲಸಕ್ಕೆ ಬೇರೆಯವರು ಬಂದಿದ್ದಾರೆ. ಬೀಡಿ ಕಟ್ಟುವ ಎಂದರೆ ಅವಳ ಬೀಡಿಯನ್ನು ಬ್ರಾಂಚಿನವರು ತೆಗೆದುಕೊಳ್ಳುವುದಿಲ್ಲ. ಈ ಮಾತ್ರೆಗಳು ಕಠಿಣ, ವಾಂತಿ, ಕೈಕಾಲು ಉರಿ, ಇನ್ನೂ ಬಹಳ ತಿಂಗಳು ತಿನ್ನಬೇಕು. ನಾನು ದಿನಾ ಬೆಳಿಗ್ಗೆ ಗಂಜಿ ಮಾಡಿಕೊಂಡು ಹೋಗುತ್ತೇನೆ, ಎದುರು ಕೂತು ನುಂಗಿಸುತ್ತೇನೆ, ಬಾಯಿ ತೆರೆಸಿ ನೋಡುತ್ತೇನೆ. ಅವಳು ತಕರಾರು ಮಾಡುವುದಿಲ್ಲ, ಹೆಚ್ಚು ಮಾತೂ ಆಡುವುದಿಲ್ಲ. ಮೊದಲೆಲ್ಲ ನಾನೇ ಏನಾದರೂ ಒದರುತ್ತಿದ್ದೆ, ಈಗ ನಾನೂ ಸುಮ್ಮನಿರುತ್ತೇನೆ.

ಮೊನ್ನೆ ಮಾತ್ರೆ ನುಂಗಿ, ಲೋಟ ಕೆಳಗಿಟ್ಟು, ಸಿಟ್ಟಿಲ್ಲದ ಸ್ವರದಲ್ಲಿ ಹೇಳಿದಳು.

"ಚಿಕ್ಕಮ್ಮ, ಅಮ್ಮ ಹೇಳ್ಬೇಡ ಅಂದಾಗ ನೀವು ಹೇಳ್ಲಿಲ್ಲ. ನಾನು ಹೇಳ್ಬೇಡಿ ಅಂದಾಗ ಹೇಳಿದ್ರಿ. ಆಗ ಹೇಳಿದ್ರೆ ಮದುವೆ ತಪ್ತಿತ್ತು, ಅಮ್ಮ ಇರ್ತಿದ್ರು. ಈಗ ಹೇಳದೇ ಇದ್ದಿದ್ರೆ ಅವರಾದ್ರೂ ಇರ್ತಿದ್ರು. ಎರಡರಲ್ಲಿ ಯಾವುದಾದ್ರೂ ಒಂದು ಮಾಡಿದ್ರೆ ನನಗೆ ಒಬ್ಬರು ಉಳೀತಿದ್ರು."

ಕೆಳಗಿನ ಮನೆಯವರು ಬದುಕಿದ್ದಾರಲ್ಲ ಎಂದು ಹೇಳಬಹುದಿತ್ತು. ಅದು ಅವಳಿಗೆ ಯಾಕೆ ಬೇಕು? ಗಂಜಿಯ ತಟ್ಟೆ ತೊಳೆದು ಮನೆಗೆ ಬಂದೆ. ಅಂದಿನಿಂದ ಅವಳು ಹೇಳಿದ್ದರಲ್ಲಿ ಎಲ್ಲಾದರೂ ತಪ್ಪು ಸಿಗುತ್ತದೋ ಎಂದು ಹುಡುಕುತ್ತಿದ್ದೇನೆ. ಸಿಕ್ಕಿಲ್ಲ.